ಕಿವಿಯಿಂದ ನೋಡಿದ ಸಿನಿಮಾಗಳು

ಭೀಮಸೇನ ಜೋಶಿಯವರು ಒಮ್ಮೆ ಸೋಲುವುದಕ್ಕೆಂದೇ ಹಾಡಿದ್ದರು. 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ನಲ್ಲಿ ಒಂದು ಸಂಗೀತ ಸ್ಪರ್ಧೆಯ ದೃಶ್ಯವಿದೆ. ನಾಯಕ ಭಾರತ್ ಭೂಷಣ್ ಗೆಲ್ಲಬೇಕು, ಎದುರಾಳಿ ಸೋಲಬೇಕು. ನಾಯಕನಿಗೆ ಮನ್ನಾ ಡೇ ಅವರ ದನಿ, ಎದುರಾಳಿಗೆ ನಮ್ಮ ಗದುಗಿನ ಜೋಶಿಯವರ ದನಿ. ಅಂಥ ಗಾಯಕರನ್ನು ಸೋಲಿಸಿ ಹಾಡುವುದು ತಮ್ಮಿಂದಾಗದು ಎಂದು ಮನ್ನಾ ಡೇ ಹಿಂಜರಿದಿದ್ದರು. ಮುಂದೆ ಅದನ್ನು ತಾವೇ ಹೇಳಿಕೊಂಡಿದ್ದಾರೆ. ಶಂಕರ್–ಜೈಕಿಶನ್ ಸಂಯೋಜನೆಯ ಆ ಜುಗಲ್‌ಬಂದಿ ಕೇಳಿದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಚಿತ್ರದುರ್ಗ. ಏಕೆಂದರೆ ಆ ಚಿತ್ರದ ಮೂಲ, ದುರ್ಗದ ಗಾಯಕನೊಬ್ಬನ ಕಥೆ ಹೇಳುವ ತ.ರಾ.ಸುಬ್ಬರಾಯರ (ತರಾಸು) ಕಾದಂಬರಿ ‘ಹಂಸಗೀತೆ’.

ಅದೇ ಕಾದಂಬರಿ 1975ರಲ್ಲಿ ಜಿ.ವಿ. ಅಯ್ಯರ್ ಅವರ ಕೈಯಲ್ಲಿ ಕನ್ನಡ ಚಿತ್ರವಾಯಿತು. ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್. ಹಿಂದಿಯವರಿಗೆ ಕಥೆಯಲ್ಲಿ ಪ್ರೇಮ ಕಂಡಿತು, ನಿಮ್ಮಿ–ಭಾರತ್ ಭೂಷಣ್ ಜೋಡಿ ಕಂಡಿತು. ಅಯ್ಯರ್ ಅವರಿಗೆ ಕಂಡದ್ದು ಒಬ್ಬ ಗಾಯಕನ ಅಹಂಕಾರ, ಅದು ಕರಗುವ ದಾರಿ, ಕೊನೆಗೆ ಅಪ್ಪಣೆಗೆ ಹಾಡಲೊಲ್ಲದೆ ನಾಲಿಗೆಯನ್ನೇ ಕತ್ತರಿಸಿಕೊಳ್ಳುವ ಹಟ. ಬಾಲಮುರಳಿಕೃಷ್ಣ ಅವರಿಗೆ ಈ ಚಿತ್ರದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ನಾನು ಮೊದಲು ಓದಿದ್ದು ಕಾದಂಬರಿಯನ್ನು. ಕಾಗದದ ಮೇಲೆ ರಾಗ ಕೇಳಿಸುವುದಿಲ್ಲ. ತರಾಸು ಎಷ್ಟು ಚೆನ್ನಾಗಿ ಬರೆದರೂ ಓದುಗ ತನಗೆ ಗೊತ್ತಿರುವ ಭೈರವಿಯನ್ನೇ ತಂದು ಅಲ್ಲಿ ತುಂಬಿಕೊಳ್ಳಬೇಕು. ನನಗೆ ಆಗ ಗೊತ್ತಿದ್ದ ಭೈರವಿ ತೀರ ಸಣ್ಣದು. ಬಾಲಮುರಳಿಯವರ ದನಿ ಕೇಳಿದ ಮೇಲೆ ಮತ್ತೆ ಪುಸ್ತಕ ತೆರೆದೆ. ವೆಂಕಟಸುಬ್ಬಯ್ಯನ ಜಂಬಕ್ಕೂ ಅವನ ಸಂಕಟಕ್ಕೂ ಕಾರಣ ಆಗ ಹೊಳೆಯಿತು. ಇಷ್ಟು ದೊಡ್ಡದನ್ನು ಗಂಟಲಲ್ಲಿ ಇಟ್ಟುಕೊಂಡವನು ನೆಮ್ಮದಿಯಾಗಿರುವುದು ಹೇಗೆ?

ಅಂದಿನಿಂದ ನನ್ನ ಅಭಿರುಚಿಗೆ ಒಂದು ಅಳತೆಗೋಲು ಸಿಕ್ಕಿತು. ಕಾದಂಬರಿ ಆಧಾರಿತ ಚಿತ್ರ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು, ಕಥೆ ಹಾಗೇ ಇದೆಯೇ, ಯಾವ ಪಾತ್ರ ಬಿಟ್ಟಿದ್ದಾರೆ, ಕೊನೆ ಬದಲಾಗಿದೆಯೇ ಎಂದು. ನಾನು ಆ ಲೆಕ್ಕ ಬಿಟ್ಟೆ. ನಿರ್ದೇಶಕರು ಪುಸ್ತಕವನ್ನು ಒಳಗೆ ಇಳಿಸಿಕೊಂಡು ಓದಿದ್ದಾರೋ ಇಲ್ಲವೋ ಎಂಬುದು ಆ ಚಿತ್ರದ ಸಂಗೀತದಲ್ಲಿ ತಿಳಿದುಹೋಗುತ್ತದೆ ಎಂಬುದು ನನ್ನ ನಂಬಿಕೆ. ಕಥೆಯನ್ನು ಚಿತ್ರಕಥೆಯಾಗಿ ಬರೆದುಕೊಳ್ಳಬಹುದು, ಊರನ್ನು ಹುಡುಕಿ ಕ್ಯಾಮೆರಾ ಇಡಬಹುದು. ಪುಸ್ತಕದಲ್ಲಿ ಮಾತಿಗೆ ಸಿಗದೆ ಉಳಿದದ್ದನ್ನು ಮಾತ್ರ ಸಂಗೀತವೇ ಹಿಡಿಯಬೇಕು. ನನ್ನ ಕಪಾಟಿನಲ್ಲಿ ಕಾದಂಬರಿ, ಕ್ಯಾಸೆಟ್, ಡಿವಿಡಿಗಳು ಬೇರೆಬೇರೆ ಸಾಲಿನಲ್ಲಿಲ್ಲ. ‘ಹಂಸಗೀತೆ’ ಪುಸ್ತಕದ ಪಕ್ಕದಲ್ಲೇ ಬಾಲಮುರಳಿಯವರ ಕಛೇರಿಯ ಕ್ಯಾಸೆಟ್ ಇದೆ.

1975 ಎಂಬ ವರ್ಷವನ್ನು ನಾನು ವಿಶೇಷ ಪ್ರೀತಿಯಿಂದ ನೆನೆಯುತ್ತೇನೆ. ‘ಹಂಸಗೀತೆ’ಗೆ ಬಾಲಮುರಳಿಯವರೊಂದಿಗೆ ಸಂಗೀತ ನೀಡಿದವರು ಬಿ.ವಿ. ಕಾರಂತರು. ಅದೇ ವರ್ಷ ಅವರು ಸ್ವತಃ ನಿರ್ದೇಶಿಸಿ ಸಂಗೀತ ನೀಡಿದ ಚಿತ್ರ ‘ಚೋಮನ ದುಡಿ’. ಒಂದು ಕಡೆ ಶಾಸ್ತ್ರೀಯ ಸಂಗೀತದ ಶಿಖರ. ಇನ್ನೊಂದು ಕಡೆ ಸ್ವಂತ ಭೂಮಿ ಉಳುವ ಹಕ್ಕೇ ಇಲ್ಲದ ಜೀತದಾಳಿನ ಗುಡಿಸಲಲ್ಲಿ ತೂಗುಹಾಕಿದ ಚರ್ಮವಾದ್ಯ. ಎರಡನ್ನೂ ಒಬ್ಬರೇ, ಒಂದೇ ಕಾಲದಲ್ಲಿ, ಒಂದೇ ಗೌರವದಿಂದ ಕೇಳಿಸಿಕೊಂಡರು.

‘ಚೋಮನ ದುಡಿ’ಗೆ ಮೂಲವಾದ ಶಿವರಾಮ ಕಾರಂತರ ಕಾದಂಬರಿ 1933ರದ್ದು. ಚೋಮನಿಗೆ ಮಾತು ಕಡಿಮೆ. ಸಿಟ್ಟು ಬಂದರೆ ದುಡಿ, ದುಃಖವಾದರೆ ದುಡಿ, ಹೆಂಡ ಕುಡಿದಾಗಲೂ ದುಡಿ. ಓದುವಾಗ ನಾವು ದುಡಿಯ ಸದ್ದನ್ನು ಒಂದು ಸಂಕೇತವೆಂದು ತಿಳಿದು ಮುಂದಿನ ಪುಟಕ್ಕೆ ಹೋಗಿಬಿಡಬಹುದು. ಚಿತ್ರಮಂದಿರದಲ್ಲಿ ಕುಳಿತವನಿಗೆ ಆ ಅನುಕೂಲವಿಲ್ಲ. ನೀರಿನಲ್ಲಿ ಮುಳುಗುತ್ತಿರುವ ಚೋಮನ ಮಗನನ್ನು ಮುಟ್ಟಿದರೆ ಮೈಲಿಗೆ ಎಂದು ದಡದಲ್ಲಿದ್ದವರು ಸುಮ್ಮನಿದ್ದುಬಿಡುತ್ತಾರೆ. ಅದಾದ ಮೇಲೆ ಬರುವ ದುಡಿಯ ಸದ್ದನ್ನು ಎದುರಿಸಿ ಕೂರುವುದು ಸುಲಭವಲ್ಲ. ಅದುವರೆಗೆ ಸಣ್ಣಪುಟ್ಟ ಪಾತ್ರಗಳಲ್ಲೇ ಕಾಣಿಸಿಕೊಳ್ಳುತ್ತಿದ್ದ ಎಂ.ವಿ. ವಾಸುದೇವರಾಯರು ಚೋಮನಾಗಿ ರಾಷ್ಟ್ರಮಟ್ಟದ ಅತ್ಯುತ್ತಮ ನಟರೆನಿಸಿದರು. ಚಿತ್ರಕ್ಕೆ ಸ್ವರ್ಣಕಮಲ ಬಂತು. ಭಾರತೀಯ ಚಿತ್ರಗಳಲ್ಲಿ ಒಂದು ವಾದ್ಯ ಇಷ್ಟು ಪೂರ್ಣವಾಗಿ ಪಾತ್ರವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಿ.ವಿ. ಕಾರಂತರು ಗುಬ್ಬಿ ಕಂಪನಿಯಲ್ಲಿ ಬೆಳೆದವರು, ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತವರು. ಅಷ್ಟೆಲ್ಲ ಕಲಿತವರು ಸಿನಿಮಾದಲ್ಲಿ ಕಲಿಕೆಯನ್ನು ಮೆರೆಸಲಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ (1977) ಅವರು ಕೊಟ್ಟ ಸಂಗೀತ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಹೇಳುವುದೇ ಕಷ್ಟ. ಆ ಅಗ್ರಹಾರದ ಮನೆಯಲ್ಲಿ ಮಕ್ಕಳ ವೇದಪಾಠವಿದೆ. ಪುಟ್ಟ ನಾಣಿಗೆ ಯಮುನಕ್ಕನೇ ಆಸರೆ, ಯಮುನೆಗೂ ಅವನೊಬ್ಬನೇ ಜೊತೆ. ಹುಡುಗರು ತಪ್ಪುತಪ್ಪಾಗಿ ಉರುಹೊಡೆಯುತ್ತಿದ್ದ ಮಂತ್ರದ ದನಿಯೇ ಕೊನೆಗೆ, ಬದುಕಿರುವ ಮಗಳನ್ನು ಸತ್ತಳೆಂದು ತೀರಿಸಿಬಿಡುವ ದನಿಯಾಗುತ್ತದೆ. ಅನಂತಮೂರ್ತಿಯವರ ಕಥೆಯಲ್ಲಿ ಈ ಕ್ರೌರ್ಯ ನಾಣಿಯ ಕಣ್ಣಿನಿಂದ ಬರುತ್ತದೆ. ಚಿತ್ರದಲ್ಲಿ ಅದು ಮೊದಲು ನನ್ನ ಕಿವಿಗೆ ತಾಗಿತು. ಈ ಚಿತ್ರದ ಸಂಗೀತಕ್ಕೆ ಕಾರಂತರು ರಾಷ್ಟ್ರಪ್ರಶಸ್ತಿ ಪಡೆದರು.

ಅನಂತಮೂರ್ತಿಯವರ ಇನ್ನೊಂದು ಕೃತಿ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದಾಗ ಸಂಗೀತ ನೀಡಿದವರು ರಾಜೀವ ತಾರಾನಾಥರು. ಅಲಿ ಅಕ್ಬರ್ ಖಾನರ ಶಿಷ್ಯ, ಸರೋದ್ ವಾದಕ, ಜೊತೆಗೆ ಇಂಗ್ಲಿಷ್ ಮೇಷ್ಟ್ರು, ಸಾಹಿತ್ಯ ವಿಮರ್ಶಕ. ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್. ತೆರೆಯ ಮೇಲೂ ಹಿಂದೆಯೂ ಓದುಗರೇ ತುಂಬಿದ್ದ ಚಿತ್ರವದು. ಪ್ಲೇಗಿನ ಊರು, ಅಂಗಳದಲ್ಲಿ ಸತ್ತ ಇಲಿಗಳು, ಹೊರಗೆ ತೆಗೆಯದ ಹೆಣ. ಇಂಥ ಕಡೆ ಹೆಚ್ಚು ವಾದ್ಯ ನುಡಿಸುವುದೇ ಅಸಭ್ಯವೆಂದು ಗೊತ್ತಿದ್ದ ಸಂಗೀತಗಾರ ಬೇಕಿತ್ತು; ಸಿಕ್ಕರು. 2024ರಲ್ಲಿ ಅವರು ಮೈಸೂರಿನಲ್ಲಿ ತೀರಿಕೊಂಡಾಗ ನಾನು ಮಾಡಿದ ಕೆಲಸ ಅದೇ ಚಿತ್ರವನ್ನು ಮತ್ತೆ ನೋಡಿದ್ದು. ಕೇರಳದ ಅರವಿಂದನ್ ಅವರ ‘ಕಾಂಚನ ಸೀತ’ಕ್ಕೂ ಅವರದೇ ಸಂಗೀತವೆಂಬುದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ.

ಇದನ್ನೆಲ್ಲ ಓದಿ, ಇವನಿಗೆ ಪ್ರಶಸ್ತಿ ಚಿತ್ರಗಳೇ ರುಚಿ ಎಂದು ನೀವು ತೀರ್ಮಾನಿಸಬಾರದು. ನನ್ನನ್ನು ಬೆಳೆಸಿದ್ದು ಪುಟ್ಟಣ್ಣ ಕಣಗಾಲರು. ಅವರು ನಿರ್ದೇಶಿಸಿದ ‘ಬೆಳ್ಳಿಮೋಡ’ (1967) ಚಿತ್ರದ ಮೂಲ ತ್ರಿವೇಣಿಯವರ ಕಾದಂಬರಿ. ಲೇಖಕಿ 1963ರಲ್ಲೇ ತೀರಿಕೊಂಡಿದ್ದರು. ತಮ್ಮ ಇಂದಿರೆಯನ್ನು ಕಲ್ಪನಾ ಮುಖದಲ್ಲಿ ನೋಡುವ ಭಾಗ್ಯ ಅವರಿಗಿರಲಿಲ್ಲ. ಕಾಫಿ ತೋಟದ ಬೆಟ್ಟದ ಮೇಲೆ ಬೆಳಕು ಹರಿಯುವಾಗ ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಅವರು ಎಸ್. ಜಾನಕಿಯವರಿಂದ ಬೇಂದ್ರೆಯವರ ‘ಬೆಳಗು’ ಹಾಡಿಸಿದರು. ಧಾರವಾಡದ ಕವಿಯ ಬೆಳಗು ಚಿಕ್ಕಮಗಳೂರಿನ ಮಲೆಯಲ್ಲಿ ಆಯಿತು. ಸುಖದ ತುದಿಯಲ್ಲಿರುವ ಹುಡುಗಿಗೆ ಇಷ್ಟು ತುಂಬಿದ ಬೆಳಗನ್ನು ಕೊಟ್ಟಿದ್ದರಿಂದಲೇ, ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದಾಗ ಅವಳನ್ನು ಬಿಟ್ಟುಹೋಗುವ ಮೋಹನನ ಸಣ್ಣತನ ಅಷ್ಟು ನೋಯಿಸುತ್ತದೆ. ಕೊನೆಯಲ್ಲಿ ಇಂದಿರೆ ಅವನನ್ನು ನಿರಾಕರಿಸುವುದು ನನ್ನ ಮಟ್ಟಿಗೆ ಕನ್ನಡ ಚಿತ್ರರಂಗದ ಅತ್ಯಂತ ಘನವಾದ ನಿರ್ಧಾರ.

‘ನಾಗರಹಾವು’ (1972) ವಿಷಯದಲ್ಲಿ ತರಾಸು ಮತ್ತು ಪುಟ್ಟಣ್ಣನವರ ಜಗಳ ಎಲ್ಲರಿಗೂ ಗೊತ್ತು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಕಾದಂಬರಿಕಾರರು ನೊಂದುಕೊಂಡರು. ನನಗೆ ಇಬ್ಬರೂ ಬೇಕು. ಆದರೂ ಚಿತ್ರಕ್ಕೆ ಮೂಲವಾದ ಮೂರು ಕಾದಂಬರಿಗಳನ್ನು ಓದಿ ಮುಗಿಸಿದ ಮೇಲೆ ನಾನು ತರಾಸು ಕಡೆಗೆ ಸ್ವಲ್ಪ ಹೆಚ್ಚು ವಾಲುತ್ತೇನೆ. ಪುಸ್ತಕದ ನಾಯಕ ರಾಮಾಚಾರಿಯ ಒಳಗುದಿ ತೆರೆಗೆ ಬರಲಿಲ್ಲ. ಅಲ್ಲಿಯ ಹಾಡುಗಳು ಮಾತ್ರ ದುರ್ಗದ ಬಂಡೆಗಳ ಬಿಸಿಯನ್ನು ಇಂದಿಗೂ ಹಿಡಿದಿಟ್ಟಿವೆ. ಅದೇ ವಿಜಯಭಾಸ್ಕರ್ ಮುಂದೆ ಅಡೂರ್ ಗೋಪಾಲಕೃಷ್ಣನ್ ಅವರ ‘ಮದಿಲುಗಳ್’ ಮತ್ತು ‘ವಿಧೇಯನ್’ ಚಿತ್ರಗಳಿಗೂ ಸಂಗೀತ ನೀಡಿದರು. ‘ವಿಧೇಯನ್’ ಕಥೆ ನಡೆಯುವುದು ನಮ್ಮ ದಕ್ಷಿಣ ಕನ್ನಡದಲ್ಲಿ, ಒಬ್ಬ ಪಟೇಲನ ದರ್ಪದ ನೆರಳಲ್ಲಿ. ಮನೆಮನೆಯ ರೇಡಿಯೊದಲ್ಲಿ ಕೇಳಿಸುತ್ತಿದ್ದ ಸಂಗೀತಗಾರ ಇಷ್ಟು ಮಿತವಾಗಿಯೂ ಕೆಲಸ ಮಾಡಬಲ್ಲರೆಂದು ತಿಳಿದ ದಿನ ಅವರ ಮೇಲಿನ ನನ್ನ ಗೌರವ ಇಮ್ಮಡಿಯಾಯಿತು.

ಎಲ್. ವೈದ್ಯನಾಥನ್ ಅವರದೂ ಇಂಥದೇ ಮಾತು. ಶಂಕರ್‌ನಾಗ್ ಆಗುಂಬೆಯಲ್ಲಿ ಆರ್.ಕೆ. ನಾರಾಯಣರ ಮಾಲ್ಗುಡಿಯನ್ನು ಟಿ.ವಿ. ಧಾರಾವಾಹಿಗಾಗಿ ಕಟ್ಟಿದಾಗ ಅದಕ್ಕೆ ವೈದ್ಯನಾಥನ್ ಕೊಟ್ಟ ಶೀರ್ಷಿಕೆ ಸಂಗೀತವನ್ನು ಗುನುಗದ ನನ್ನ ಕಾಲದ ಮಕ್ಕಳಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1986ರಲ್ಲಿ, ಪೂರ್ಣಚಂದ್ರ ತೇಜಸ್ವಿಯವರ ಕಥೆ ಆಧರಿಸಿದ ಕಾಸರವಳ್ಳಿಯವರ ‘ತಬರನ ಕಥೆ’ಗೂ ಅವರೇ ಸಂಗೀತ ನೀಡಿದರು. ಪಿಂಚಣಿಗಾಗಿ ಅಲೆದು ಅಲೆದು ಹೆಂಡತಿಯನ್ನು ಕಳೆದುಕೊಳ್ಳುವ ಮುದುಕನ ಕಥೆ ಅದು. ಮರುವರ್ಷ ಬಂದ ‘ಪುಷ್ಪಕ ವಿಮಾನ’ದಲ್ಲಂತೂ ಸಂಭಾಷಣೆಯೇ ಇಲ್ಲ. ಮೂರನ್ನೂ ಬೆನ್ನುಬೆನ್ನಿಗೆ ಕೇಳಿ ನೋಡಿ. ಒಬ್ಬನೇ ಮನುಷ್ಯ ಕಥೆಗೆ ತಕ್ಕಂತೆ ತನ್ನನ್ನು ಎಷ್ಟು ಬದಲಿಸಿಕೊಳ್ಳಬಲ್ಲ ಎಂದು ಗೊತ್ತಾಗುತ್ತದೆ.

ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ ಆಧರಿಸಿದ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಬಿಸ್ಮಿಲ್ಲಾ ಖಾನರೇ ಶಹನಾಯಿ ನುಡಿಸಿದರು. ತೆರೆಯ ಮೇಲೆ ರಾಜ್‌ಕುಮಾರ್ ಅವರ ಕೆನ್ನೆ, ಉಸಿರು, ಬೆರಳು ಎಲ್ಲವೂ ಆ ನಾದಕ್ಕೆ ಶರಣಾಗಿವೆ. ಅ.ನ.ಕೃ. ಅವರ ‘ಸಂಧ್ಯಾರಾಗ’ಕ್ಕೆ ಭೀಮಸೇನ ಜೋಶಿಯವರು ಹಾಡಿದರು, ಈ ಸಲ ಸೋಲುವ ಪ್ರಮೇಯವಿಲ್ಲದೆ.

ನನಗೆ ಸೇರದ್ದೂ ಇದೆ. ಪ್ರತಿ ನೋಟಕ್ಕೂ ಢಮ್ಮೆನ್ನುವ ಹಿನ್ನೆಲೆ ಸಂಗೀತ ನನಗೆ ಸೇರದು. ಪ್ರೇಕ್ಷಕನಿಗೆ ತಾನಾಗಿ ಅಳು ಬರುವುದಿಲ್ಲವೆಂಬ ಅಪನಂಬಿಕೆಯಿಂದ ಹುಟ್ಟುವ ಸದ್ದದು. ಈಗ ಒಳ್ಳೆಯ ಕಥೆಗಳೂ ಆ ಗದ್ದಲದಲ್ಲಿ ಮುಳುಗುತ್ತಿವೆ.

ಅದಕ್ಕಿಂತ ದೊಡ್ಡ ಚಿಂತೆ ಹಳೆಯ ಚಿತ್ರಗಳ ಧ್ವನಿಯದು. ‘ಘಟಶ್ರಾದ್ಧ’ದ ಅದೃಷ್ಟ ಒಳ್ಳೆಯದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಪುನರುಜ್ಜೀವನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ‘ಹಂಸಗೀತೆ’, ‘ಚೋಮನ ದುಡಿ’ಗಳನ್ನು ನನ್ನಂಥವರು ನೋಡುತ್ತಿರುವುದು ಸವೆದ ಪ್ರತಿಗಳಲ್ಲಿ. ಚಿತ್ರ ಮಸುಕಾದರೆ ಕಣ್ಣು ಹೇಗೋ ಹೊಂದಿಕೊಳ್ಳುತ್ತದೆ. ದುಡಿಯ ಸದ್ದು ಒಡೆದರೆ ಚೋಮನೇ ಇಲ್ಲವಾಗುತ್ತಾನೆ. ಕರ್ನಾಟಕ ಚಲನಚಿತ್ರ ಅಕಾಡೆಮಿ ಮನಸ್ಸು ಮಾಡಿ ಈ ಎರಡು ಚಿತ್ರಗಳ ಧ್ವನಿಪಥವನ್ನಾದರೂ ಮೊದಲು ಉಳಿಸಿಕೊಳ್ಳಲಿ. ಓದುಗರಲ್ಲೂ ಒಂದು ಕೋರಿಕೆ: ಮನೆಯ ಅಟ್ಟದಲ್ಲಿ ಹಳೆಯ ಕನ್ನಡ ಚಿತ್ರಗಳ ಗ್ರಾಮಫೋನ್ ತಟ್ಟೆ, ಕ್ಯಾಸೆಟ್, ಚಿತ್ರಮಂದಿರದ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಊರಿನ ಗ್ರಂಥಾಲಯಕ್ಕೋ, ಜೋಪಾನ ಮಾಡಬಲ್ಲ ಒಬ್ಬ ಸಂಗ್ರಾಹಕರಿಗೋ ಕೊಡಿ.