ರಾತ್ರಿ ಹೊತ್ತು ನಾಯಿಯನ್ನು ಆಸ್ಪತ್ರೆಗೆ ಸೇರಿಸುವಾಗ ಕೌಂಟರಿನಲ್ಲಿ ಏನೇನು ಕೇಳ್ತಾರೆ?

ಹಸುವಿಗೆ ಹುಷಾರಿಲ್ಲ ಅಂದ್ರೆ ಏನು ಮಾಡ್ಬೇಕು ಅಂತ ನಮಗೆಲ್ಲ ಗೊತ್ತು. ಡಾಕ್ಟರ್ ನಂಬರ್ ಇರುತ್ತೆ, ಡೈರಿ ಸೆಕ್ರೆಟರಿಗೆ ಫೋನ್ ಮಾಡ್ತೀವಿ, ಕಿವಿಯೋಲೆ ನಂಬರ್ ಕೂಡ ಮೊಬೈಲಿನಲ್ಲಿ ಇಟ್ಕೊಂಡಿರ್ತೀವಿ. ಆದ್ರೆ ತೋಟ ಕಾಯೋ ನಾಯಿಗೆ ಏನಾದ್ರೂ ಆದ್ರೆ ಯಾರ ಹತ್ರಾನೂ ಒಂದು ಲೆಕ್ಕಾಚಾರ ಇರೋದಿಲ್ಲ. ಹಾವು ಕಚ್ಚೋದು, ಹಂದಿ ಸೀಳೋದು, ಗದ್ದೆಗೆ ಹೊಡೆದ ಔಷಧಿ ನೆಕ್ಕೋದು, ಇವೆಲ್ಲ ಆಗೋದು ಹೆಚ್ಚಾಗಿ ಕತ್ತಲಾದ ಮೇಲೆ. ಆಗ ತಾಲ್ಲೂಕು ಪಶು ಆಸ್ಪತ್ರೆಯ ಬಾಗಿಲು ಹಾಕಿರುತ್ತೆ.

ಈ ವಾರ ಚಿಕಿತ್ಸೆ ಬಗ್ಗೆ ಬರೀತಾ ಇಲ್ಲ, ಅದು ಡಾಕ್ಟರ ಕೆಲಸ. ನಾಯಿಯನ್ನು ಗಾಡಿಗೆ ಹಾಕೋದ್ರಿಂದ ಹಿಡಿದು ಒಳಗೆ ಟೇಬಲ್ ಮೇಲೆ ಮಲಗಿಸೋ ತನಕ ನಮ್ಮ ಕೆಲಸ ಏನು ಅನ್ನೋದಷ್ಟೇ. ಆ ಹೊತ್ತಿನಲ್ಲಿ ಸರಿಯಾಗಿ ಉತ್ತರ ಕೊಟ್ರೆ ಒಳಗಿನವರಿಗೆ ಎಷ್ಟು ಸಮಯ ಉಳಿಯುತ್ತೆ ಅನ್ನೋದನ್ನ ಕಳೆದ ಮುಂಗಾರಿನಲ್ಲಿ ಕಣ್ಣಾರೆ ಕಂಡೆ.

ನಮ್ಮದು ಅರಸೀಕೆರೆ ಕಡೆ ತೆಂಗಿನ ತೋಟ. ಮನೆ ಹಿಂದೆ ಮಟ್ಟೆ ರಾಶಿ. ಮಟ್ಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ರಾತ್ರಿ ಎಂಟೂವರೆಗೆ ಕರಿಯ ಒಂದೇ ಸಮ ಬೊಗಳಿ, ಆಮೇಲೆ ಕುಂಯ್‌ಗುಟ್ಟುತ್ತಾ ಜಗುಲಿಗೆ ಬಂದ. ಮೂತಿಯ ಎಡಭಾಗ ನೋಡ್ತಾ ನೋಡ್ತಾ ಊದ್ಕೊಳ್ತು. ಟಾರ್ಚ್ ಬಿಟ್ಟು ನೋಡಿದ್ರೆ ರಾಶಿ ಪಕ್ಕ ಸರಪಳಿ ಥರ ಗುರುತು ಇದ್ದ ದಪ್ಪ ಹಾವು, ಕುಕ್ಕರ್ ಸೀಟಿ ಹೊಡೆದಂಗೆ ಬುಸುಗುಡ್ತಿತ್ತು. ಕೊಳಕುಮಂಡಲ. ನಿಂತಲ್ಲಿಂದಲೇ ಒಂದು ಫೋಟೋ ತೆಗೆದೆ, ಅಷ್ಟೇ. ಹಾವನ್ನು ಹೊಡೆದು ಚೀಲಕ್ಕೆ ಹಾಕ್ಕೊಂಡು ಹೋಗೋ ಅಭ್ಯಾಸ ಇನ್ನೂ ಕೆಲವರಿಗಿದೆ. ಅದರ ಅಗತ್ಯವೇ ಇಲ್ಲ. ನಮ್ಮಲ್ಲಿ ಸಿಗೋ ಹಾವಿನ ವಿಷದ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಕುದುರೆಯ ರಕ್ತದಿಂದ ತಯಾರಾಗೋ ಅದೇ ಔಷಧಿಯನ್ನು ಮನುಷ್ಯರಿಗೂ ಕೊಡ್ತಾರೆ, ನಾಯಿಗೂ ಕೊಡ್ತಾರೆ. ಹಾವು ಹುಡುಕೋಕೆ ಹೋಗಿ ನೀವೂ ಕಚ್ಚಿಸ್ಕೊಂಡ್ರೆ ಆಸ್ಪತ್ರೆ ಎರಡಾಗುತ್ತೆ.

ಹೊರಡೋ ಮೊದಲು ಒಂದು ಫೋನ್

ನಮ್ಮ ತಾಲ್ಲೂಕಿನ ಡಾಕ್ಟರು ಪುಣ್ಯಕ್ಕೆ ಫೋನ್ ಎತ್ತಿದ್ರು. "ನನ್ನ ಹತ್ರ ಔಷಧಿ ಸ್ಟಾಕ್ ಇಲ್ಲ ತಮ್ಮ, ಇಲ್ಲಿಗೆ ಬಂದು ಟೈಮ್ ಕಳೀಬೇಡ, ಸೀದಾ ದೊಡ್ಡ ಆಸ್ಪತ್ರೆಗೆ ಹೊರಡು. ಹೋಗೋ ಮುಂಚೆ ಅಲ್ಲಿಗೊಂದು ಫೋನ್ ಮಾಡಿ ಔಷಧಿ ಇದೆಯಾ ಕೇಳು" ಅಂದ್ರು. ಈ ಮಾತನ್ನ ಎಲ್ಲರೂ ನೆನಪಿಡಿ. ನಾನು ಮೊದಲು ಫೋನ್ ಮಾಡಿದ ಒಂದು ಕ್ಲಿನಿಕ್ಕಿನವರು "ಬನ್ನಿ ಬನ್ನಿ, ನೋಡೋಣ" ಅಂದ್ರು. ಔಷಧಿ ಇದೆಯಾ ಅಂತ ಎರಡನೇ ಸಲ ಒತ್ತಿ ಕೇಳಿದ ಮೇಲೆ "ತರಿಸ್ಬೇಕು" ಅಂದ್ರು. ಎರಡನೇ ಕಡೆಯವರು ಇದೆ ಅಂದ್ರು, ಅಲ್ಲಿಗೇ ಹೋದೆವು. 46 ಕಿಲೋಮೀಟರ್.

1962ಕ್ಕೆ ಕರೆ ಮಾಡಿದ್ರೆ ಪಶು ಸಂಜೀವಿನಿ ಗಾಡಿ ಊರಿಗೇ ಬರೋ ವ್ಯವಸ್ಥೆ ರಾಜ್ಯದಲ್ಲಿದೆ. ಆದ್ರೆ ರಾತ್ರಿ ಹೊತ್ತಿಗೆ ಅದನ್ನೇ ನಂಬ್ಕೊಂಡು ಕೂರ್ಬೇಡಿ, ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಗಂಟೆ ತನಕ ಬರ್ತಾರೆ ಅಂತ ಇವತ್ತೇ ಕೇಳಿ ಇಟ್ಕೊಳ್ಳಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರ ಇರೋರು ಅಲ್ಲಿನ ಆಸ್ಪತ್ರೆಯ ರಾತ್ರಿ ಸಮಯವನ್ನೂ ವಿಚಾರಿಸ್ಬಹುದು.

ಗಾಡಿಯಲ್ಲಿ ಕರಿಯನನ್ನು ಗೋಣಿಚೀಲದ ಮೇಲೆ ಮಲಗಿಸಿ, ಅಲ್ಲಾಡದ ಹಾಗೆ ನಾನು ಹಿಂದೆ ಕೂತೆ. ಕೊರಳಪಟ್ಟಿ ಬಿಚ್ಚಿಬಿಟ್ಟೆ, ಮೂತಿಯ ಊತ ಕುತ್ತಿಗೆಗೆ ಇಳಿದ್ರೆ ಅದೇ ನೇಣಾಗುತ್ತೆ. ಪಕ್ಕದ ಮನೆ ಅಜ್ಜ ಯಾವುದೋ ಸೊಪ್ಪಿನ ರಸ ಕುಡಿಸು ಅಂತ ಲೋಟ ಹಿಡ್ಕೊಂಡು ಬಂದ್ರು. ದೊಡ್ಡೋರಿಗೆ ಎದುರಾಡೋದು ಕಷ್ಟ, ಆದ್ರೂ ಬೇಡ ತಾತ ಅಂದೆ. ನುಂಗೋಕಾಗದ ನಾಯಿಗೆ ಏನು ಕುಡಿಸಿದ್ರೂ ಶ್ವಾಸಕೋಶಕ್ಕೆ ಹೋಗುತ್ತೆ. ಕುಯ್ಯೋದು, ಹೀರೋದು, ಬಿಗಿಯಾಗಿ ದಾರ ಕಟ್ಟೋದು, ಐಸ್ ಇಡೋದು ಯಾವುದೂ ಬೇಡ. ನಮ್ಮ ನೋವಿನ ಮಾತ್ರೆಗಳನ್ನಂತೂ ಮುಟ್ಟಬೇಡಿ, ರಕ್ತ ಸೋರ್ತಿರೋ ನಾಯಿಗೆ ಅವು ಇನ್ನೊಂದು ವಿಷ.

ಕೌಂಟರಿನ ಹುಡುಗಿ ಕೇಳಿದ್ದು

ಒಳಗೆ ಹೋದಾಗ ಒಂಬತ್ತು ಮುಕ್ಕಾಲು. ಬೆಂಚಿನಲ್ಲಿ ನಾಲ್ಕು ಜನ ಕಾಯ್ತಿದ್ರು. ಕೌಂಟರಿನ ಹುಡುಗಿ ಕರಿಯನ ತುಟಿ ಎತ್ತಿ ನೋಡಿ, ಚೀಟಿ ಬರೆಯೋ ಮೊದಲೇ ಒಳಗೆ ಕೂಗಿದ್ಳು. ವಸಡಿನಲ್ಲಿ ರಕ್ತ ಜಿನುಗ್ತಿತ್ತು. ಇಲ್ಲಿ ಸರದಿ ಅನ್ನೋದು ಬಂದ ಹೊತ್ತಿನ ಮೇಲೆ ಅಲ್ಲ, ಯಾರ ಜೀವ ಹೆಚ್ಚು ಕಷ್ಟದಲ್ಲಿದೆ ಅನ್ನೋದರ ಮೇಲೆ. ಉಸಿರು, ರಕ್ತಸ್ರಾವ, ಫಿಟ್ಸ್, ವಿಷ, ಮರಿ ಹೊರಗೆ ಬರದೆ ಒದ್ದಾಡೋದು, ಇವಕ್ಕೆ ಮೊದಲ ಜಾಗ. ನೀವು ಮೊದಲು ಬಂದಿದ್ದೂ ಬೇರೆಯವರನ್ನ ಒಳಗೆ ಕರೆದ್ರೆ ಜಗಳಕ್ಕೆ ನಿಲ್ಲಬೇಡಿ. ಕಾಯ್ತಾ ಇರೋವಾಗ ನಿಮ್ಮ ನಾಯಿ ಕುಸಿದ್ರೆ, ವಸಡು ಬಿಳಿಚಿಕೊಂಡ್ರೆ ಮಾತ್ರ ಕೂಡಲೇ ಎದ್ದು ಹೇಳಿ. ಆರೋಗ್ಯವಾಗಿರೋ ನಾಯಿಯ ವಸಡು ತಿಳಿ ಗುಲಾಬಿ. ಬೆರಳಿಂದ ಒತ್ತಿ ಬಿಟ್ರೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ವಸಡೇ ಕಪ್ಪಗಿರೋ ನಾಯಿಗಳಲ್ಲಿ ಇದು ಕಾಣ್ಸಲ್ಲ, ಕಣ್ಣಿನ ಕೆಳರೆಪ್ಪೆ ಒಳಗೆ ನೋಡ್ಬೇಕು.

ಮೊದಲ ಪ್ರಶ್ನೆ: ಎಷ್ಟು ಗಂಟೆಗೆ ಆಯ್ತು? "ಸಂಜೆ ಮೇಲೆ" ಅನ್ನೋದು ಉತ್ತರ ಅಲ್ಲ. ನನ್ನ ಫೋಟೋದಲ್ಲಿ 8:34 ಅಂತ ಇತ್ತು, ಅದನ್ನೇ ತೋರಿಸಿದೆ. ಆಮೇಲೆ ತೂಕ, ವಯಸ್ಸು, ಕೊನೆಯ ಊಟ ಯಾವಾಗ, ಮನೇಲಿ ಏನಾದ್ರೂ ಔಷಧಿ ಕೊಟ್ಟಿದ್ದೀರಾ. ಈ ಕೊನೆಯ ಪ್ರಶ್ನೆಗೆ ನಾಚ್ಕೋಬೇಡಿ. ಯಾರಾದ್ರೂ ಇಂಜೆಕ್ಷನ್ ಕೊಟ್ಟಿದ್ರೆ ಆ ಖಾಲಿ ಬಾಟಲಿನೇ ತಗೊಂಡು ಹೋಗಿ.

ಒಂದು ಆಶ್ಚರ್ಯದ ವಿಷಯ ಅಲ್ಲೇ ತಿಳೀತು. ಉಳಿದ ಔಷಧಿಗಳಿಗೆ ತೂಕದ ಲೆಕ್ಕ, ಹಾವಿನ ವಿಷದ ಔಷಧಿಗೆ ಆ ಲೆಕ್ಕ ಇಲ್ಲ. ಅದು ಮೈಯೊಳಗೆ ಹೋಗಿರೋ ವಿಷವನ್ನು ಹಿಡಿಯೋಕೆ ಕೊಡೋದು, ಹಾಗಾಗಿ ಸಣ್ಣ ನಾಯಿಗೆ ಕಡಿಮೆ ಸಾಕು ಅಂತಿಲ್ಲ.

ಎರಡನೇ ಮುಖ್ಯ ಪ್ರಶ್ನೆ: ಹುಚ್ಚುನಾಯಿ ರೋಗದ ಲಸಿಕೆ ಆಗಿದೆಯಾ? ಹಾವು ಕಚ್ಚಿದೆ ಅಂತ ಬಂದ್ರೆ ಇದ್ಯಾಕೆ ಅಂತ ಪಕ್ಕದಲ್ಲಿದ್ದ ಒಬ್ರು ಗೊಣಗಿದ್ರು. ಕಾರಣ ಇದೆ. ನಾಗರಹಾವು ಅಥವಾ ಕಟ್ಟುಹಾವು ಕಚ್ಚಿದ ನಾಯಿಗೆ ನರ ಸೋತು ದವಡೆ ಜೋತು ಬೀಳ್ಬಹುದು, ಜೊಲ್ಲು ಸುರೀಬಹುದು, ಬೊಗಳೋಕೆ ಆಗದೆ ಹೋಗ್ಬಹುದು. ರೇಬೀಸ್ ಬಂದ ನಾಯಿಯೂ ಹೀಗೇ ಕಾಣುತ್ತೆ. ಯಾವುದು ಅಂತ ಗೊತ್ತಿಲ್ಲದೆ ಬಾಯಿಗೆ ಕೈ ಹಾಕೋರು ಅಲ್ಲಿನ ಡಾಕ್ಟರು, ಅಟೆಂಡರು. ರೇಬೀಸ್ ಶುರುವಾದ ಮೇಲೆ ಮನುಷ್ಯನಾದ್ರೂ ಬದುಕೋದಿಲ್ಲ ಅಂತಲೇ ತಿಳ್ಕೋಬೇಕು. ಆದ್ದರಿಂದ ಲಸಿಕೆ ಆಗಿಲ್ಲ ಅಂದ್ರೆ ಆಗಿಲ್ಲ ಅಂತಲೇ ಹೇಳಿ, ಈಚೆಗೆ ಬೇರೆ ನಾಯಿ ಜೊತೆ ಕಚ್ಚಾಡಿದ್ರೆ ಅದನ್ನೂ ಹೇಳಿ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವರ್ಷ ವರ್ಷ. ಕಾರ್ಡ್ ಕಳ್ದುಹೋಗುತ್ತೆ, ಫೋಟೋ ಫೋನಲ್ಲಿ ಇರಲಿ.

ನೋವಿನಲ್ಲಿರೋ ನಾಯಿ ಮನೆಯವರನ್ನೂ ಕಚ್ಚುತ್ತೆ, ಇಂಜೆಕ್ಷನ್ ಮಾಡೋವಾಗ ಮೆತ್ತನೆ ಬಟ್ಟೆಯಿಂದ ಮೂತಿ ಕಟ್ತಾರೆ. ಮೂತಿ ಊದಿದ್ರೆ, ವಾಂತಿ ಮಾಡ್ತಿದ್ರೆ, ಉಸಿರಾಟ ಕಷ್ಟ ಇದ್ರೆ ಕಟ್ಟೋ ಹಾಗಿಲ್ಲ. ಕರಿಯನ ತಲೆಯನ್ನು ದಪ್ಪ ಟವೆಲಿನಲ್ಲಿ ಹಿಡ್ಕೊಂಡೆವು.

ದುಡ್ಡಿನ ಮಾತು

ಒಳಗೆ ಮೇಡಂ ಒಂದು ಗಾಜಿನ ನಳಿಗೆಯಲ್ಲಿ ಸ್ವಲ್ಪ ರಕ್ತ ತೆಗೆದು ಅಲ್ಲಾಡಿಸದೆ ನಿಲ್ಲಿಸಿದ್ರು. 20 ನಿಮಿಷಕ್ಕೆ ಹೆಪ್ಪುಗಟ್ಟಬೇಕು. ಓರೆ ಮಾಡಿದಾಗ ನೀರಿನಂಗೆ ಹರೀತು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟೋದನ್ನೇ ಕೆಡಿಸುತ್ತೆ, ಕಿಡ್ನಿಗೂ ಪೆಟ್ಟು ಕೊಡುತ್ತೆ.

ಅಷ್ಟರಲ್ಲಿ ಹೊರಗೆ ನನ್ನ ಕೈಗೆ ಎರಡು ಕಾಗದ ಬಂದ್ವು. ಒಂದು ಒಪ್ಪಿಗೆ ಪತ್ರ, ಇನ್ನೊಂದು ಅಂದಾಜು ಖರ್ಚು: 8ರಿಂದ 12 ಸಾವಿರ, ಮುಂಗಡ 4 ಸಾವಿರ. ಅಪ್ಪನಿಗೆ ಫೋನ್ ಮಾಡಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ನಾಯಿಗೆ ಹತ್ತು ಸಾವ್ರಾನಾ?" ಅಂದ್ರು. ತಪ್ಪು ಅಂತ ನಾನು ಹೇಳೋದಿಲ್ಲ, ಕೊಬ್ಬರಿ ಮಾರೋ ಮುಂಚಿನ ದಿನಗಳು ಅವು. ಅವ್ವ ಫೋನ್ ಇಸ್ಕೊಂಡು "ಹಾಲಿನ ಬಟವಾಡೆ ಬಂದೈತೆ, ಕಟ್ಟು" ಅಂದ್ಳು.

ಮೇಡಂ ಹತ್ರ ನೇರವಾಗೇ ಕೇಳಿದೆ, "ಬದುಕ್ತಾನಾ ಮೇಡಂ? ನಮ್ಮ ಕೈಲಿ ಹನ್ನೆರಡರ ಮೇಲೆ ಆಗಲ್ಲ." ಅವರು ಬೇಜಾರು ಮಾಡ್ಕೊಳ್ಲಿಲ್ಲ. "ಬೇಗ ಬಂದಿದ್ದೀರಾ, ಅವಕಾಶ ಇದೆ, ಗ್ಯಾರಂಟಿ ಕೊಡಲ್ಲ. ಮೊದಲು ಔಷಧಿಗೆ ದುಡ್ಡು ಇಡೋಣ, ಸ್ಕ್ಯಾನಿಂಗ್ ಈಗ ಬೇಡ" ಅಂದ್ರು. ಮಿತಿ ಮೊದಲೇ ಹೇಳಿದ್ರೆ ಡಾಕ್ಟರು ಅದರೊಳಗೆ ಯಾವುದು ಮುಖ್ಯ ಅಂತ ಆರಿಸ್ತಾರೆ. ಬೆಳಿಗ್ಗೆ ಬಿಲ್ ನೋಡಿ ಬೆಚ್ಚಿಬೀಳೋದಕ್ಕಿಂತ ಇದು ಎಷ್ಟೋ ವಾಸಿ.

ಒಪ್ಪಿಗೆ ಪತ್ರವನ್ನ ಓದದೆ ಸಹಿ ಹಾಕ್ಬೇಡಿ, ಇಂಗ್ಲಿಷಿನಲ್ಲಿದ್ರೆ ಓದಿ ಹೇಳಿ ಅಂತ ಕೇಳಿ. ನಮ್ಮದರಲ್ಲಿ ಎರಡು ವಿಷಯ ಇತ್ತು. ಈ ಔಷಧಿ ಕುದುರೆ ರಕ್ತದ್ದಾದ್ದರಿಂದ ಕೆಲವು ನಾಯಿಗಳಿಗೆ ಒಗ್ಗದೆ ಅಪಾಯ ಆಗ್ಬಹುದು ಅನ್ನೋದು ಒಂದು. ಅದಕ್ಕೇ ಬಾಟಲಿಯಲ್ಲಿ ಬೆರೆಸಿ ನಿಧಾನವಾಗಿ ಬಿಡ್ತಾರೆ, ಪಕ್ಕದಲ್ಲಿ ಬೇರೆ ಇಂಜೆಕ್ಷನ್ ರೆಡಿ ಇಟ್ಕೊಂಡಿರ್ತಾರೆ. ಇನ್ನೊಂದು, ಉಸಿರು ನಿಂತರೆ ಎದೆ ಒತ್ತಿ ಮತ್ತೆ ಪ್ರಯತ್ನ ಮಾಡ್ಬೇಕಾ, ಬೇಡವಾ. ಮಧ್ಯರಾತ್ರಿ ನಿಂತ್ಕೊಂಡು ಉತ್ತರಿಸೋ ಪ್ರಶ್ನೆ ಅಲ್ಲ ಅದು. ಮನೆಯವರು ದಾರಿಯಲ್ಲೇ ಮಾತಾಡ್ಕೊಂಡಿದ್ರೆ ಒಳ್ಳೇದು. ನಾನು ಮಾಡಿ ಅಂತ ಬರೆದೆ.

ಇನ್ನೊಂದು ಸಣ್ಣ ವಿಷಯ: ಆ ಕಟ್ಟಡದೊಳಗೆ ನೆಟ್‌ವರ್ಕ್ ಇರ್ಲಿಲ್ಲ, ಫೋನ್‌ಪೇ ತಿರುಗ್ತಾನೇ ಇತ್ತು. ಗಾಡಿಯಲ್ಲಿ ನಗದು ಸ್ವಲ್ಪ ಇರಲಿ, ಚಾರ್ಜರ್ ಇರಲಿ.

ಹಾವಲ್ಲ, ಔಷಧಿ ನೆಕ್ಕಿದ್ರೆ

ಬೆಂಚಿನ ಮೇಲೆ ಕಾಯ್ತಿದ್ದವರಲ್ಲಿ ಒಬ್ಬರ ನಾಯಿ ಯಾವುದೋ ವಿಷ ತಿಂದಿತ್ತು. "ಯಾವ್ದು?" ಅಂದ್ರೆ "ನೀಲಿ ಡಬ್ಬಿದು" ಅಂತಿದ್ರು ಪಾಪ. ಡಬ್ಬಿಯ ಬಣ್ಣದಿಂದ ಯಾವ ಡಾಕ್ಟರಿಗೂ ಏನೂ ತಿಳಿಯೋದಿಲ್ಲ. ಲೇಬಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿರೋ ರಾಸಾಯನಿಕದ ಹೆಸರು ಬೇಕು. ಕೆಲವು ಕೀಟನಾಶಕಕ್ಕೆ ಅಟ್ರೋಪಿನ್ ಕೆಲಸ ಮಾಡುತ್ತೆ, ರಕ್ತ ತೆಳುವಾಗಿಸೋ ಇಲಿ ಪಾಷಾಣಕ್ಕೆ ವಿಟಮಿನ್ ಕೆ ಇದೆ. ಜಿಂಕ್ ಫಾಸ್ಫೈಡ್ ಅನ್ನೋ ಕಪ್ಪು ಇಲಿ ಪುಡಿಗೆ ಮಾತ್ರ ಮದ್ದೇ ಇಲ್ಲ, ಮೇಲಾಗಿ ನಾಯಿ ವಾಂತಿ ಮಾಡಿದ್ರೆ ಏಳೋ ಗಾಳಿ ನಮಗೂ ವಿಷ. ಅಂಥ ನಾಯಿಯನ್ನು ಕಾರಿನಲ್ಲಿ ಒಯ್ಯೋವಾಗ ಕಿಟಕಿ ಎಲ್ಲ ತೆರೆದಿಡಿ. ಮನೇಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗ್ಬೇಡಿ. ಔಷಧಿ ಅಂಗಡಿಯಿಂದ ತಂದ ದಿನವೇ ಪ್ರತಿ ಡಬ್ಬಿಯ ಲೇಬಲ್ ಫೋಟೋ ತೆಗೆದಿಟ್ರೆ ನಾಯಿಗಷ್ಟೇ ಅಲ್ಲ, ಹಸುವಿಗೆ, ಮನೆ ಮಕ್ಕಳಿಗೂ ಬೇಕಾಗ್ಬಹುದು.

ಕರಿಯನಿಗೆ ಬಾಟಲಿ ಮುಗಿದಾಗ ರಾತ್ರಿ ಒಂದು ದಾಟಿತ್ತು. ಆರು ಗಂಟೆ ಬಿಟ್ಟು ಮತ್ತೆ ನಳಿಗೆಯ ಪರೀಕ್ಷೆ, ಈ ಸಲ ರಕ್ತ ಗಟ್ಟಿಯಾಯ್ತು. ಎರಡು ದಿನ ಅಲ್ಲೇ ಇಟ್ಕೊಂಡ್ರು. ಒಟ್ಟು 10,850 ರೂಪಾಯಿ. ಮನೆಗೆ ಕಳಿಸೋವಾಗ ಮೇಡಂ ಹೇಳಿದ ಕೆಲಸ ಮೂರು: ಉಚ್ಚೆಯ ಬಣ್ಣ ದಿನಾ ನೋಡ್ಬೇಕು, ಕೆಂಪು ಅಥವಾ ಕಾಫಿ ಬಣ್ಣ ಬಂದ್ರೆ, ಇಲ್ಲಾ ಉಚ್ಚೆಯೇ ಹೋಗದಿದ್ರೆ ಆ ಕ್ಷಣ ಹೊರಡ್ಬೇಕು, ಕಚ್ಚಿದ ಜಾಗದ ಚರ್ಮ ಕಪ್ಪಾಗಿ ಕಳಚಿದ್ರೆ ತೋರಿಸ್ಬೇಕು, ವಾರದ ಮೇಲೆ ಕಿಡ್ನಿಯ ರಕ್ತಪರೀಕ್ಷೆ. ಈ ಕೊನೆಯದನ್ನ ಬಹಳ ಜನ ಬಿಟ್ಟುಬಿಡ್ತಾರೆ, ನಾಯಿ ಓಡಾಡ್ತಾ ಇದೆಯಲ್ಲ ಅಂತ. ಡಿಸ್ಚಾರ್ಜ್ ಚೀಟಿ ಕೇಳಿ ಇಸ್ಕೊಳ್ಳಿ, ಅದರಲ್ಲಿ ಎಷ್ಟು ವಯಲ್ ಹಾವಿನ ಔಷಧಿ ಕೊಟ್ರು ಅಂತ ಬರೆಸ್ಕೊಳ್ಳಿ. ಮುಂದೆ ಇನ್ನೊಂದು ಸಲ ಅದೇ ಔಷಧಿ ಕೊಡೋ ಸಂದರ್ಭ ಬಂದ್ರೆ ಡಾಕ್ಟರಿಗೆ ಅದು ಗೊತ್ತಿರಬೇಕು, ಎರಡನೇ ಸಲ ಒಗ್ಗದಿರೋ ಸಾಧ್ಯತೆ ಹೆಚ್ಚು. ರಕ್ತಪರೀಕ್ಷೆಯನ್ನು ನಮ್ಮ ತಾಲ್ಲೂಕಿನ ಡಾಕ್ಟರೇ ಮಾಡಿಸಿಕೊಟ್ರು, ಅದಕ್ಕಾಗಿ ಮತ್ತೆ 46 ಕಿಲೋಮೀಟರ್ ಹೋಗ್ಬೇಕಾಗ್ಲಿಲ್ಲ.