ನುಗ್ಗೆಯ ತಾಯಿಮರ

ಹಿತ್ತಲಲ್ಲಿ ಬೆಳೆಯುವುದೆಂಬ ಒಂದೇ ಕಾರಣಕ್ಕೆ ನಮ್ಮ ಜನರ ಉಪೇಕ್ಷೆಗೆ ಗುರಿಯಾದ ಮರಗಳಲ್ಲಿ ನುಗ್ಗೆಯು ಮೊದಲನೆಯದು. ಆಯುರ್ವೇದವು ಇದನ್ನು ಶಿಗ್ರುವೆಂದು ಕರೆದು ಔಷಧಗಳ ಸಾಲಿಗೆ ಸೇರಿಸಿತು. ಇದರ ಸೊಪ್ಪಿನಲ್ಲಿ ಸಸಾರಜನಕವೂ ಸುಣ್ಣವೂ ಕಬ್ಬಿಣವೂ ಹೇರಳವಾಗಿವೆಯೆಂದು ಆಹಾರಶಾಸ್ತ್ರಜ್ಞರು ಹೇಳುತ್ತಾರೆ. ಈ ಮರವನ್ನು ಗಾಜಿನ ಸೀಸೆಯೊಳಗೆ ಬೆಳೆಸುವ ಅಂಗಾಂಶ ಕೃಷಿಯ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತನಾಡಬಯಸುತ್ತೇವೆ.

ಕೊಂಬೆ ಕಡಿದು ನೆಟ್ಟರೆ ಚಿಗುರುವ ಮರಕ್ಕೆ ಸೀಸೆಯೇಕೆಂದು ರೈತನು ಕೇಳಬಹುದು. ಕೇಳತಕ್ಕದ್ದೇ. ಆದರೆ ಒಂದು ಮರವು ಎಷ್ಟು ಕೊಂಬೆಗಳನ್ನು ಕೊಟ್ಟೀತು? ಬೀಜವನ್ನೇ ಬಿತ್ತೋಣವೆಂದರೆ, ನುಗ್ಗೆಯು ಬಹುಮಟ್ಟಿಗೆ ದುಂಬಿ, ಜೇನುಗಳ ಮೂಲಕ ಅನ್ಯವೃಕ್ಷದ ಪರಾಗವನ್ನು ಪಡೆಯತಕ್ಕ ಜಾತಿ. ರುಚಿಯಾದ ಕಾಯಿ ಬಿಟ್ಟ ಮರದ ಬೀಜದಿಂದ ಕಹಿಕಾಯಿಯ ಗಿಡ ಹುಟ್ಟಿದರೆ ಯಾರನ್ನೂ ದೂರುವಂತಿಲ್ಲ. ಪೆರಿಯಕುಳಂನ ಪಿ.ಕೆ.ಎಂ.-1 ಮುಂತಾದ ಹೆಸರಾಂತ ತಳಿಗಳು ಬೀಜದಿಂದಲೇ ಹರಡಿದವು ನಿಜ. ರೈತನು ತಾನೇ ಕೂಡಿಟ್ಟ ಬೀಜದಲ್ಲಿ ಆ ಗುಣವು ತಲೆಮಾರಿನಿಂದ ತಲೆಮಾರಿಗೆ ಚದುರುತ್ತ ಹೋಗುತ್ತದೆ.

ಸಸ್ಯದ ಬಿಡಿ ಜೀವಕೋಶಗಳನ್ನು ಬೆಳೆಸಲು ಯತ್ನಿಸಿ 1902ರಲ್ಲಿ ಅದನ್ನು ಪ್ರಕಟಿಸಿದ ಆಸ್ಟ್ರಿಯಾದ ಹೇಬರ್‌ಲಾಂಟನು ಸಫಲನಾಗಲಿಲ್ಲ. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬವರು ಪ್ರಕಟಿಸಿದ ಲವಣಗಳ ಪಾಕವೇ ಇಂದಿಗೂ ಬಹುತೇಕ ಪ್ರಯೋಗಶಾಲೆಗಳ ಅನ್ನವಾಗಿದೆ. ಗೆಣ್ಣಿನ ತುಂಡನ್ನು ಶುದ್ಧಿಮಾಡಿ, ಸಕ್ಕರೆಯೂ ಅಗರೂ ಬೆರೆತ ಆ ಪಾಕದಲ್ಲಿ ನಾಟುವರು. ಸೈಟೋಕೈನಿನ್ ಮೇಲಾದರೆ ಚಿಗುರು, ಆಕ್ಸಿನ್ ಮೇಲಾದರೆ ಬೇರು. ಹದ ತಪ್ಪಿದರೆ ಚಿಗುರುಗಳು ನೀರು ತುಂಬಿ ಗಾಜಿನಂತಾಗಿ ಕೆಡುವವು. ಬೇರುಬಿಟ್ಟ ಸಸಿಯನ್ನೂ ತೇವದ ನೆರಳಿನಲ್ಲಿ ಕೆಲವು ವಾರ ಪಳಗಿಸದೆ ಬಿಸಿಲಿಗೆ ಇಡುವಂತಿಲ್ಲ.

ಇದೆಲ್ಲವೂ ಸಾಧ್ಯವೆಂಬುದು ಸಿದ್ಧವಾಗಿದೆ. ನಮ್ಮ ಶಂಕೆ ಬೇರೆಯದು. ನುಗ್ಗೆಯ ಮೇಲೆ ನಡೆದ ಪ್ರಯೋಗಗಳಲ್ಲಿ ಅನೇಕವು ಸೀಸೆಯಲ್ಲೇ ಮೊಳೆಸಿದ ಎಳೆಸಸಿಯ ಗೆಣ್ಣಿನಿಂದ ಹೊರಟವು. ಏಕೆಂದರೆ ಬಯಲಿನ ಹಳೆಯ ಮರದ ಗೆಣ್ಣಿಗೆ ಬೂಷ್ಟು, ಸೂಕ್ಷ್ಮಜೀವಿಗಳ ಕಾಟ ಹೆಚ್ಚು, ಅದು ಸುಲಭವಾಗಿ ಚಿಗುರುವುದೂ ಇಲ್ಲ. ಆದರೆ ಆ ಮೊಳಕೆಯು ಮುಂದೆ ಎಂತಹ ಕಾಯಿ ಕೊಟ್ಟೀತೆಂದು ಬಲ್ಲವರಾರು? ಗುಣವರಿಯದ ಒಂದು ಸಸಿಯನ್ನು ಸಾವಿರವಾಗಿಸಿ ಮಾರಿದರೆ, ನಷ್ಟವು ಪ್ರಯೋಗಶಾಲೆಗಲ್ಲ, ರೈತನಿಗೆ. ಹಲವು ವರ್ಷ ಫಲವನ್ನು ಕಂಡ ತಾಯಿಮರದಿಂದ ತೆಗೆದ ಸಸಿಗೇ ಅಧಿಕ ಬೆಲೆ ತೆರುವುದು ನ್ಯಾಯ. ಒಂದೇ ತಾಯಿಯ ಸಂತತಿಯನ್ನು ನಾಡಿಗೆಲ್ಲ ಹಂಚುವುದೂ ಕ್ಷೇಮವಲ್ಲ; ಒಂದಕ್ಕೆ ಮಾರಕವಾದ ರೋಗವು ಎಲ್ಲಕ್ಕೂ ಮಾರಕವಾದೀತು.

ತಾಯಿಮರ ಯಾವುದು, ಎಲ್ಲಿದೆ, ಎಷ್ಟು ವರ್ಷ ಫಲಕೊಟ್ಟಿದೆ ಎಂಬುದನ್ನು ಸಸಿ ಮಾರುವವರು ಚೀಟಿಯಲ್ಲಿ ಬರೆದುಕೊಡುವಂತೆ ಸರ್ಕಾರವು ವಿಧಿಸಬೇಕು. ಚೀಟಿ ಸಿಗದ ರೈತನು ನೆರೆಯವನ ಹಿತ್ತಲಿನ ಒಳ್ಳೆಯ ಮರದಿಂದ ಎರಡು ಮೊಳದ ಕೊಂಬೆಯೊಂದನ್ನು ಕೇಳಿತಂದು ಮುಂಗಾರಿನಲ್ಲಿ ನೆಟ್ಟುಕೊಳ್ಳಲಿ.