ಚಿಹ್ನೆಯ ಋಣ, ಮತದಾರನ ಋಣ

ಪಕ್ಷದ ಚಿಹ್ನೆಯಿಂದ ಗೆದ್ದುಬಂದ ಪ್ರತಿನಿಧಿಯು ಯಾರಿಗೆ ಋಣಿ? ಚಿಹ್ನೆ ಕೊಟ್ಟ ಪಕ್ಷಕ್ಕೋ, ಮತ ಕೊಟ್ಟ ಜನರಿಗೋ? ಪ್ರಜಾಸತ್ತೆಯನ್ನು ಕುರಿತು ಯೋಚಿಸುವ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

1951-52ರ ಪ್ರಥಮ ಮಹಾಚುನಾವಣೆಯ ಕಾಲಕ್ಕೆ ನಮ್ಮ ಕುಂದಾಪುರವು ಮದರಾಸು ರಾಜ್ಯಕ್ಕೆ ಸೇರಿದ್ದಿತು. ಅಂದು ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಅಕ್ಷರ ಬಾರದವನೂ ಚಿಹ್ನೆಯನ್ನು ಗುರುತಿಸಿ ಚೀಟಿ ಹಾಕಿ ಬಂದನು. ಹೀಗೆ ಚಿಹ್ನೆಯೆಂಬುದು ಪಕ್ಷವು ಜನರಿಗೆ ಕೊಟ್ಟ ಮಾತಿನ ಗುರುತಾಯಿತು. ಆದರೆ ಪೆಟ್ಟಿಗೆ ತೆರೆದ ಮೇಲಿನ ಕಥೆ ಬೇರೆ. ಮದರಾಸಿನ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ದೊರೆತುವು 152 ಮಾತ್ರ. ಆದರೂ ಚುನಾವಣೆಗೇ ನಿಲ್ಲದಿದ್ದ ರಾಜಾಜಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಇತರರ ಬೆಂಬಲವನ್ನೂ ಪಡೆದು, 1952ರಲ್ಲಿ ಮುಖ್ಯಮಂತ್ರಿಗಳಾದರು. ಜನರ ತೀರ್ಪಿಗೆ ಸಭಾಗೃಹದಲ್ಲಿ ಬೇರೆ ಅರ್ಥ ಬರಬಹುದೆಂಬುದು ಅಂದೇ ತಿಳಿಯಿತು.

ಈ ಪಕ್ಷಾಂತರದ ಪಿಡುಗಿಗೆ ಕಡಿವಾಣ ಹಾಕಲೆಂದೇ 1985ರಲ್ಲಿ ಸಂವಿಧಾನಕ್ಕೆ 52ನೆಯ ತಿದ್ದುಪಡಿಯಾಗಿ ಹತ್ತನೆಯ ಅನುಸೂಚಿ ಸೇರಿತು. ಸ್ವಇಚ್ಛೆಯಿಂದ ಪಕ್ಷ ಬಿಟ್ಟವನು, ಪಕ್ಷದ ಆಜ್ಞೆ ಮೀರಿ ಸದನದಲ್ಲಿ ಮತ ಹಾಕಿದವನು ಸದಸ್ಯತ್ವ ಕಳೆದುಕೊಳ್ಳುವನು. ಪಕ್ಷೇತರನಾಗಿ ಗೆದ್ದವನು ಆಮೇಲೆ ಪಕ್ಷವೊಂದನ್ನು ಸೇರಿದರೂ ಹಾಗೆಯೇ. ಮೂರನೆಯ ಒಂದು ಪಾಲು ಸದಸ್ಯರು ಒಡೆದುಹೋದರೆ ತಪ್ಪಿಲ್ಲವೆಂಬ ವಿನಾಯಿತಿಯನ್ನು 2003ರ 91ನೆಯ ತಿದ್ದುಪಡಿ ತೆಗೆದುಹಾಕಿತು.

ಕಾನೂನು ಸಾಲದೆಂಬುದಕ್ಕೆ ಕರ್ನಾಟಕವೇ ಸಾಕ್ಷಿ. 2019ರಲ್ಲಿ ಇಲ್ಲಿ 17 ಶಾಸಕರು ಅನರ್ಹರಾದರು; ಅಷ್ಟರಲ್ಲಿ ಸರಕಾರವೇ ಉರುಳಿತ್ತು. ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶವಿತ್ತಿತು. ಹಾಗೆ ನಿಂತವರಲ್ಲಿ ಬಹುಮಂದಿ ಗೆದ್ದೂ ಬಂದರು.

ಇನ್ನು ನಮ್ಮ ಸೀಮೆಯನ್ನು ನೋಡೋಣ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಮರೆಯಾದ ಬ್ರಹ್ಮಾವರ ಕ್ಷೇತ್ರದಿಂದ ಶ್ರೀ ಕೆ. ಜಯಪ್ರಕಾಶ ಹೆಗ್ಡೆಯವರು 1994ರಲ್ಲಿ ಜನತಾದಳದಿಂದ ಗೆದ್ದು, 1999 ಮತ್ತು 2004ರಲ್ಲಿ ಪಕ್ಷೇತರರಾಗಿಯೇ ಗೆದ್ದರು. ಕುಂದಾಪುರದಲ್ಲಿ ಬಿಜೆಪಿಯ ಶಾಸಕರಾಗಿದ್ದ ಶ್ರೀ ಹಾಲಾಡಿ ಶ್ರೀನಿವಾಸ ಶೆಟ್ಟರು 2013ರಲ್ಲಿ ಪಕ್ಷೇತರರಾಗಿ ನಿಂತಾಗಲೂ, 2018ರಲ್ಲಿ ಮರಳಿ ಬಿಜೆಪಿಯಿಂದ ನಿಂತಾಗಲೂ ಜನ ಗೆಲ್ಲಿಸಿದರು. ಬೈಂದೂರಿನ ಮತದಾರರು ಹಾಗಲ್ಲ. 2013ರಲ್ಲಿ ಕಾಂಗ್ರೆಸ್ಸನ್ನು ಗೆಲ್ಲಿಸಿ 2018ರಲ್ಲಿ ಬಿಜೆಪಿಯನ್ನು ಆರಿಸಿದರು. ಒಂದು ಕಡೆ ವ್ಯಕ್ತಿಯನ್ನು ಉಳಿಸಿಕೊಂಡರು, ಇನ್ನೊಂದು ಕಡೆ ಪಕ್ಷವನ್ನು ಬದಲಿಸಿದರು. ಎರಡರಲ್ಲಿಯೂ ಕೊನೆಯ ಮಾತು ಮತದಾರನದೇ ಆಗಿದ್ದಿತು.

ಮನುಷ್ಯನ ಅಭಿಪ್ರಾಯ ಬದಲಾಗುವುದು ಸಹಜ, ಬದಲಾಗಕೂಡದೆನ್ನಲು ನಾವಾರು? ಆದರೆ ಬದಲಾದವನು ಚುನಾವಣೆಯಲ್ಲಿ ಜನರ ಮುಂದೆ ನಿಂತು ಹೇಳುವುದು ಬೇರೆ, ಗೆದ್ದ ಸ್ಥಾನವನ್ನು ನಡುವೆ ಕೈಬದಲಿಸುವುದು ಬೇರೆ. ಮೊದಲನೆಯದು ರಾಜಕಾರಣ, ಎರಡನೆಯದು ವ್ಯಾಪಾರ. ಇವೆರಡನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಯಾವ ಅನುಸೂಚಿಯೂ ಕೊಡಲಾರದು. ಮಿತ್ರರೇ, ಮೊದಲ ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವ ನಮ್ಮಂಥವರೇ ಅದನ್ನು ಗಳಿಸಿಕೊಳ್ಳಬೇಕು.